ಪಾದದ ನರ ದಪ್ಪವಾಗಿ ಬರುವ ನೋವು: ಮಾರ್ಟನ್ಸ್ ನ್ಯೂರೋಮಾ ಮತ್ತು ಅದರ ಆಪರೇಷನ್

ನಡೆಯುವಾಗ ಶೂ ಒಳಗೆ ಒಂದು ಸಣ್ಣ ಕಲ್ಲು ಹೊಕ್ಕಿದೆ ಅಂತ ಅನಿಸುತ್ತದೆ. ನಿಂತು, ಬಿಚ್ಚಿ, ಕೊಡವಿ ನೋಡಿದರೆ ಏನೂ ಇಲ್ಲ. ಪಾದದ ಮುಂಭಾಗವನ್ನು ಕೈಯಲ್ಲಿ ಹಿಡಿದು ತಿಕ್ಕಿದರೆ ಐದು ನಿಮಿಷದಲ್ಲಿ ಆರಾಮ. ಮತ್ತೆ ಶೂ ಹಾಕಿ ನೂರು ಹೆಜ್ಜೆ ಹೋದರೆ ಅದೇ ಉರಿ, ಮೂರನೇ ಮತ್ತು ನಾಲ್ಕನೇ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ತಿಂಗಳುಗಟ್ಟಲೆ ಹೀಗೇ ನಡೆಯುತ್ತಿದ್ದರೆ ಅದು ಮಾರ್ಟನ್ಸ್ ನ್ಯೂರೋಮಾ ಆಗಿರಬಹುದು. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ‘ವಾತ’, ‘ಯೂರಿಕ್ ಆ್ಯಸಿಡ್’, ‘ಶುಗರಿನ ಉರಿ’ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದವರು ತುಂಬ ಮಂದಿ ಇದ್ದಾರೆ.

ನಾನು ಡಾಕ್ಟರ್ ಅಲ್ಲ. ಬಿಕಾಂ ಮುಗಿಸಿ ಕಾಸರಗೋಡು ಜಿಲ್ಲೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಜನರ ಕಾಲ ಬುಡದಲ್ಲಿ ಸ್ಟೂಲ್ ಹಾಕಿ ಕೂರುವುದೇ ನನ್ನ ಕೆಲಸ. ಈ ವಿಷಯ ಓದಲು ಶುರು ಮಾಡಿದ್ದು ನನ್ನದೇ ಒಂದು ತಪ್ಪಿನಿಂದ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬರು ಪಾದದಲ್ಲಿ ಒಂದು ಜಾಗ ತೋರಿಸಿ “ಇಲ್ಲಿ ಉರಿಯುತ್ತದೆ, ಮೆತ್ತಗಿನದ್ದು ಏನಾದರೂ ಕೊಡು” ಅಂದರು. ನೋವಿರುವ ಜಾಗಕ್ಕೇ ಸರಿಯಾಗಿ ಒಂದು ಜೆಲ್ ಪ್ಯಾಡ್ ಅಂಟಿಸಿ ಕೊಟ್ಟೆ. ನಾಲ್ಕು ದಿನ ಬಿಟ್ಟು ಬಂದು ಪ್ಯಾಡನ್ನು ಕೌಂಟರಿನ ಮೇಲಿಟ್ಟರು. ನೋವು ದುಪ್ಪಟ್ಟಾಗಿತ್ತು. ಪ್ಯಾಡ್ ಇಡಬೇಕಾದ ಜಾಗ ಅದಲ್ಲ, ಅದರ ಹಿಂದೆ ಅಂತ ಆಮೇಲೆ ಗೊತ್ತಾಯಿತು. ಅವರು ಕೊನೆಗೆ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡರು. ಹೋಗುವ ಮುಂಚೆ ಅವರು ಕೇಳಿದ ಪ್ರಶ್ನೆಗಳಿಗೆ ಕನ್ನಡದಲ್ಲಿ ಓದಿ ಹೇಳುವಂಥದ್ದು ನನಗೇನೂ ಸಿಗಲಿಲ್ಲ. ಹಾಗಾಗಿ ಇದು.

ಇದು ಯಾವ ‘ನರ’?

ಕನ್ನಡದಲ್ಲಿ ಈ ವಿಷಯ ಹೇಳುವಾಗ ಮೊದಲೇ ಒಂದು ತೊಡಕುಂಟು. ನಾವು ‘ನರ’ ಅನ್ನುವ ಮಾತನ್ನು ಎಲ್ಲದಕ್ಕೂ ಬಳಸುತ್ತೇವೆ. ಮೀನಖಂಡದಲ್ಲಿ ರಕ್ತನಾಳ ಉಬ್ಬಿ ಹಾವಿನ ಹಾಗೆ ಕಂಡರೆ ‘ನರ ಉಬ್ಬಿದೆ’. ಸ್ನಾಯು ಉಳುಕಿದರೆ ‘ನರ ಹಿಡಿದಿದೆ’. ಇಲ್ಲಿ ಹೇಳುವ ನರ ಇವೆರಡೂ ಅಲ್ಲ. ಚರ್ಮದ ಸ್ಪರ್ಶ, ಬಿಸಿ, ತಂಪು, ನೋವು ಇವನ್ನು ಮೆದುಳಿಗೆ ಮುಟ್ಟಿಸುವ ತಂತಿ ಅದು. ಅದರಲ್ಲಿ ರಕ್ತ ಹರಿಯುವುದಿಲ್ಲ.

ಪಾದದಲ್ಲಿ ಬೆರಳುಗಳ ಹಿಂದೆ ಐದು ಉದ್ದ ಮೂಳೆಗಳಿವೆ. ಅವುಗಳ ತುದಿಯ ಗುಂಡುಗಳು ಸೇರಿದ ಜಾಗವೇ ನಾವು ಒತ್ತಿ ನಡೆಯುವ ಮುಂಗಾಲು. ಈ ಗುಂಡುಗಳು ಅಗಲವಾಗಿ ಹರಡಿಕೊಳ್ಳದ ಹಾಗೆ ಒಂದು ಗಟ್ಟಿ ಪಟ್ಟಿ ಅಡ್ಡಕ್ಕೆ ಕಟ್ಟಿ ಹಿಡಿದಿರುತ್ತದೆ. ಬೆರಳಿಗೆ ಹೋಗುವ ನರ ಈ ಪಟ್ಟಿಯ ಕೆಳಗೆ, ಅಂದರೆ ಅಂಗಾಲಿನ ಕಡೆಯಿಂದ, ಎರಡೆರಡು ಮೂಳೆಗಳ ನಡುವೆ ಮುಂದೆ ಸಾಗಿ ಬೆರಳ ಸಂದಿಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಹಿಮ್ಮಡಿ ಎತ್ತಿ ಬೆರಳು ಮಡಚಿದಾಗೆಲ್ಲ ನರ ಆ ಪಟ್ಟಿಯ ಅಂಚಿಗೆ ಎಳೆದು ಉಜ್ಜುತ್ತದೆ. ಮುಂಭಾಗ ಇಕ್ಕಟ್ಟಾದ ಶೂ ಹಾಕಿದರೆ ಎರಡು ಬದಿಯ ಮೂಳೆಗಳೂ ಒತ್ತುತ್ತವೆ. ವರ್ಷಗಟ್ಟಲೆ ಹೀಗಾದಾಗ ನರದ ಸುತ್ತ ನಾರಿನಂಥ ಅಂಗಾಂಶ ಬೆಳೆದು ಅದು ದಪ್ಪವಾಗುತ್ತದೆ.

ಹೆಚ್ಚಾಗಿ ಇದು ಆಗುವುದು ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವಿನ ಸಂದಿಯಲ್ಲಿ. ಆಮೇಲಿನ ಸ್ಥಾನ ಎರಡನೇ ಮತ್ತು ಮೂರನೇ ಬೆರಳಿನ ನಡುವಿನದ್ದು. ಮೂರನೇ ಸಂದಿಗೆ ಒಳಬದಿ, ಹೊರಬದಿ ಎರಡೂ ಕಡೆಯ ನರಗಳಿಂದ ಕವಲು ಬಂದು ಸೇರುವುದರಿಂದ ಅಲ್ಲಿ ನರ ಸ್ವಲ್ಪ ದಪ್ಪ, ಅಲುಗಾಡಲು ಜಾಗ ಕಡಿಮೆ ಅನ್ನುವುದು ಒಂದು ವಿವರಣೆ. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು, ಅದೂ ನಡುವಯಸ್ಸಿನಲ್ಲಿ. ಮದುವೆ ಸೀಸನ್ನಿನಲ್ಲಿ ನಮ್ಮ ಅಂಗಡಿಯಿಂದ ಹೋಗುವ ಚೂಪು ಮೂತಿಯ, ಹಿಂದೆ ಎತ್ತರದ ಸ್ಯಾಂಡಲ್ ನೋಡಿದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮಾರುವವನು ನಾನೇ, ಹೇಳುವವನೂ ನಾನೇ, ಏನು ಮಾಡುವುದು.

‘ನ್ಯೂರೋಮಾ’ ಅನ್ನುವ ಹೆಸರಿಗೆ ನರದ ಗಡ್ಡೆ ಅಂತ ಅರ್ಥ. ಹೆಸರು ಕೇಳಿ ಹೆದರಬೇಡಿ. ಇದು ನಿಜವಾದ ಗಡ್ಡೆಯಲ್ಲ, ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವಂಥದ್ದೂ ಅಲ್ಲ. ಹಗ್ಗ ಒಂದೇ ಕಡೆ ಉಜ್ಜಿ ಉಜ್ಜಿ ಎಳೆ ಬಿಟ್ಟು ದಪ್ಪಗಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಕಾಲಿನ ‘ಆಣಿ’ಗೂ ಇದಕ್ಕೂ ಸಂಬಂಧ ಇಲ್ಲ. ಆಣಿ ಚರ್ಮದ್ದು, ಕಣ್ಣಿಗೆ ಕಾಣುತ್ತದೆ, ಕೈಗೆ ಗಟ್ಟಿ ಸಿಗುತ್ತದೆ. ಇದು ಒಳಗಿನದ್ದು. ಹೊರಗಿನಿಂದ ಪಾದ ನೋಡಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಅದಕ್ಕೇ ಮನೆಯವರು “ಏನೂ ಇಲ್ಲವಲ್ಲ” ಅಂದುಬಿಡುವುದು.

ಮಾರ್ಟನ್ ಯಾರು?

1835ರಲ್ಲಿ ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಚಿವಿನೀನಿ ಶವ ಕೊಯ್ದು ನೋಡುವಾಗ ಪಾದದ ನರದಲ್ಲಿ ಇಂಥ ಒಂದು ಉಬ್ಬನ್ನು ಕಂಡು ಬರೆದಿಟ್ಟ. 1845ರಲ್ಲಿ ಲಂಡನ್ನಿನ ಲೂಯಿಸ್ ಡರ್ಲಾಕರ್ ನೋವಿನ ಲಕ್ಷಣಗಳನ್ನು ವಿವರಿಸಿದ. ಈತ ರಾಣಿ ವಿಕ್ಟೋರಿಯಾಳ ಕಾಲಿನ ಆರೈಕೆ ಮಾಡುತ್ತಿದ್ದವನು, ಆಣಿ ತೆಗೆಯುವುದು, ಉಗುರು ಸರಿ ಮಾಡುವುದು ಅವನ ಕಸುಬು. ಕಾಲ ಬುಡದಲ್ಲಿ ಕೂತು ಕೆಲಸ ಮಾಡುವವನ ಕಿವಿಗೆ ಮೊದಲು ಬಿದ್ದ ಕಾಯಿಲೆ ಇದು ಅಂತ ನನಗೆ ಸ್ವಲ್ಪ ಖುಷಿ. ಆದರೆ ಹೆಸರು ಹೋದದ್ದು ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್ ಥಾಮಸ್ ಜಾರ್ಜ್ ಮಾರ್ಟನ್‌ಗೆ, 1876ರ ಅವನ ಲೇಖನದಿಂದ. ತಮಾಷೆಯೆಂದರೆ, ಚಿಕಿತ್ಸೆಯ ವಿಷಯದಲ್ಲಿ ಮಾರ್ಟನ್ ಹೇಳಿದ್ದು ನರ ತೆಗೆಯಲಿಕ್ಕಲ್ಲ. ನಾಲ್ಕನೇ ಬೆರಳಿನ ಬುಡದ ಕೀಲನ್ನೇ ತೆಗೆದುಹಾಕಬೇಕು ಅಂದಿದ್ದ. ನರ ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ದೋಷ ಕೀಲಿನದ್ದು ಅಂತ ಅವನ ಲೆಕ್ಕ.

1893ರಲ್ಲಿ ಶಿಕಾಗೊದ ಹೋಡ್ಲಿ ಎಂಬ ಸರ್ಜನ್ ನರವನ್ನೇ ಬಿಡಿಸಿ ನೋಡಿ, ದಪ್ಪಗಿದ್ದ ಭಾಗವನ್ನು ಕತ್ತರಿಸಿದ. ರೋಗಿ ಗುಣವಾದ. ಆದರೂ ದೋಷ ನರದ್ದೇ ಅನ್ನುವ ಮಾತು ಗಟ್ಟಿಯಾದದ್ದು 1940ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ಬೆಟ್ಸ್ ಬರೆದ ಮೇಲೆಯೇ. ಅಂದರೆ ಸರಿಯಾದ ಆಪರೇಷನ್ ಒಂದು ಸಲ ಆಗಿಹೋದ ಮೇಲೂ ಲೋಕಕ್ಕೆ ಅದು ಒಪ್ಪಿಗೆಯಾಗಲು ಹೆಚ್ಚುಕಡಿಮೆ ಐವತ್ತು ವರ್ಷ ಬೇಕಾಯಿತು. ಹಾಗೆಯೇ ‘ಮಾರ್ಟನ್ಸ್ ಟೋ’ ಅಂತ ಇನ್ನೊಂದುಂಟು, ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ ಕಾಣುವುದು. ಆ ಮಾರ್ಟನ್ ಬೇರೆಯವನು. ಇಂಟರ್‌ನೆಟ್‌ನಲ್ಲಿ ಹುಡುಕುವಾಗ ಎರಡೂ ಕಲಸಿಹೋಗುತ್ತವೆ.

ಮೊದಲು ಗ್ಯಾರಂಟಿ ಆಗಬೇಕಾದ್ದು

ಆಪರೇಷನ್ ಫೇಲ್ ಆಗುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಕಾಯಿಲೆ ಇದಲ್ಲದೇ ಇದ್ದದ್ದು. ಮುಂಗಾಲಿನ ನೋವಿಗೆ ಬೇರೆ ಕಾರಣಗಳು ಹಲವು: ಮೂಳೆಯಲ್ಲಿ ಕೂದಲೆಳೆಯ ಬಿರುಕು, ಬೆರಳ ಬುಡದ ಕೀಲಿನ ಉರಿಯೂತ, ಸಂಧಿವಾತ. ಹಿಮ್ಮಡಿ ನೋವಂತೂ ಸಂಪೂರ್ಣ ಬೇರೆ ಕಥೆ.

ಡಾಕ್ಟರರು ಮೊದಲು ಕೈಯಲ್ಲೇ ಪರೀಕ್ಷೆ ಮಾಡುತ್ತಾರೆ. ಒಂದು ಕೈಯಿಂದ ಮುಂಗಾಲನ್ನು ಎರಡೂ ಬದಿಯಿಂದ ಹಿಸುಕಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸಂದಿಯಲ್ಲಿ ಒತ್ತಿದಾಗ ‘ಟಕ್’ ಅಂತ ಏನೋ ಜಾರಿದ ಹಾಗೆ ಆಗಿ, ನಿಮ್ಮದೇ ಆ ಹಳೆಯ ನೋವು ಬಂದರೆ ಅದು ಒಳ್ಳೆಯ ಗುರುತು. 1951ರಲ್ಲಿ ಇದನ್ನು ವಿವರಿಸಿದ ಮುಲ್ಡರ್ ಹೆಸರಿನಲ್ಲಿ ‘ಮುಲ್ಡರ್ಸ್ ಕ್ಲಿಕ್’ ಅನ್ನುತ್ತಾರೆ. ಬರೀ ಟಕ್ ಆಗಿ ನೋವಿಲ್ಲದಿದ್ದರೆ ಅದಕ್ಕೆ ಅಷ್ಟು ಬೆಲೆಯಿಲ್ಲ. ಎರಡು ಬೆರಳಿನ ಒಳಬದಿಗಳಲ್ಲಿ ಸ್ಪರ್ಶ ಕಡಿಮೆಯಾಗಿದೆಯೇ ಅಂತ ನೋಡುತ್ತಾರೆ. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ, ಆದರೂ ಎಕ್ಸ್‌ರೇ ಬರೆದುಕೊಟ್ಟರೆ ‘ಸುಮ್ಮನೆ ಬಿಲ್ ಮಾಡ್ತಾರೆ’ ಅನ್ನಬೇಡಿ. ಮೂಳೆಯ ದೋಷ ಇಲ್ಲ ಅಂತ ಖಚಿತ ಮಾಡಲು ಅದು ಬೇಕು. ನರ ನೋಡಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಪಾದದ ಸ್ಕ್ಯಾನ್ ಮಾಡಿ ಪಳಗಿದವರ ಕೈಯಲ್ಲಿ ಅಲ್ಟ್ರಾಸೌಂಡೇ ಸಾಕಾಗುತ್ತದೆ, ಖರ್ಚೂ ಕಡಿಮೆ.

ಸ್ಕ್ಯಾನ್ ವಿಷಯದಲ್ಲಿ ಒಂದು ಮಾತು ನೆನಪಿಡಬೇಕು. ಯಾವ ನೋವೂ ಇಲ್ಲದವರ ಪಾದದ ಎಂಆರ್‌ಐ ತೆಗೆದಾಗಲೂ ಎಷ್ಟೋ ಮಂದಿಯಲ್ಲಿ ನರ ದಪ್ಪಗಿರುವುದು ಕಂಡಿದೆ. ರಿಪೋರ್ಟಿನಲ್ಲಿ ನ್ಯೂರೋಮಾ ಅಂತ ಬರೆದ ಮಾತ್ರಕ್ಕೆ ಆಪರೇಷನ್ ಬೇಕು ಅಂತಲ್ಲ. ನಿಮ್ಮ ನೋವಿನ ಜಾಗ, ಡಾಕ್ಟರ ಹೆಬ್ಬೆರಳು ಮುಟ್ಟಿದ ಜಾಗ, ಸ್ಕ್ಯಾನ್ ತೋರಿಸಿದ ಜಾಗ, ಮೂರೂ ಒಂದೇ ಆಗಿರಬೇಕು. ಅನುಮಾನ ಇದ್ದರೆ ಆ ಸಂದಿಗೆ ಸ್ವಲ್ಪ ಮರಗಟ್ಟಿಸುವ ಔಷಧ ಚುಚ್ಚಿ ನಡೆದು ನೋಡಲು ಹೇಳುತ್ತಾರೆ. ನೋವು ಪೂರ್ತಿ ಮಾಯವಾದರೆ ದೋಷ ಆ ಸಂದಿಯಲ್ಲೇ ಇದೆ ಅನ್ನಲು ಒಳ್ಳೆಯ ಆಧಾರ ಸಿಕ್ಕಿದ ಹಾಗೆ.

ಶುಗರ್ ಇರುವವರಿಗೆ ಇದು ಇನ್ನೂ ಮುಖ್ಯ. ಮಧುಮೇಹದಿಂದ ನರ ಕೆಟ್ಟಾಗಲೂ ಪಾದ ಉರಿಯುತ್ತದೆ. ಆದರೆ ಆ ಉರಿ ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ, ಎಲ್ಲ ಬೆರಳುಗಳಿಂದ ಶುರುವಾಗಿ ಸಾಕ್ಸ್ ಹಾಕಿದ ಹಾಗೆ ಮೇಲಕ್ಕೆ ಏರುತ್ತದೆ, ರಾತ್ರಿ ಮಲಗಿದಾಗ ಜಾಸ್ತಿ, ಶೂ ಬಿಚ್ಚಿದರೂ ಹೋಗುವುದಿಲ್ಲ. ನ್ಯೂರೋಮಾ ಒಂದು ಸಂದಿಯದ್ದು, ನಡೆದರೆ ಜಾಸ್ತಿ, ಬಿಚ್ಚಿ ತಿಕ್ಕಿದರೆ ಕಡಿಮೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಶುಗರಿನ ಉರಿಗೆ ನರ ಕತ್ತರಿಸಿದರೆ ಉರಿ ಹೋಗುವುದಿಲ್ಲ, ಇದ್ದ ಸ್ವಲ್ಪ ಸ್ಪರ್ಶವೂ ಹೋಗುತ್ತದೆ. ನಮ್ಮ ನಾಡಿನಲ್ಲಿ ಕುಷ್ಠರೋಗದಿಂದಲೂ ನರ ದಪ್ಪಗಾಗುವುದುಂಟು, ಅದಕ್ಕೆ ಡಾಕ್ಟರರು ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದೆಯೇ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಚಾಕುವಿಗೆ ಮೊದಲು ಚಪ್ಪಲಿ

ಆಪರೇಷನ್ ಕೊನೆಯ ಮೆಟ್ಟಿಲು. ಅದಕ್ಕೆ ಮುಂಚೆ ಕೆಲವು ತಿಂಗಳು ಬೇರೆ ದಾರಿ ನೋಡಲೇಬೇಕು, ಅದರಲ್ಲಿ ಮೊದಲನೆಯದು ಪಾದರಕ್ಷೆ.

ನಮ್ಮಲ್ಲಿ ಶೂ ಕೇಳುವುದು ನಂಬರಿನಲ್ಲಿ. 8 ಅಂದರೆ 8. ಆ ನಂಬರ್ ಹೇಳುವುದು ಉದ್ದವನ್ನು ಮಾತ್ರ. ಅಗಲಕ್ಕೆ ಬೇರೆ ಅಳತೆಯುಂಟು. ಕೆಲವು ಕಂಪೆನಿಯ ಶೂಗಳಲ್ಲಿ ಗಂಡಸರ ಸಾಮಾನ್ಯ ಅಗಲಕ್ಕೆ ‘ಡಿ’, ಅದಕ್ಕಿಂತ ಅಗಲಕ್ಕೆ ‘2ಇ’ ಅಂತ ಇರುತ್ತದೆ. ನನ್ನ ಅಂಗಡಿಗೆ ಬಂದು ಅಗಲ ಕೇಳಿದವರನ್ನು ಒಂದು ಕೈಯಲ್ಲಿ ಎಣಿಸಬಹುದು. ಸುಲಭದ ಪರೀಕ್ಷೆ: ಶೂ ಒಳಗಿನ ಸೋಲ್ ಹೊರಗೆ ಎಳೆದು ನೆಲದಲ್ಲಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಪಾದ ಎರಡು ಬದಿಗೂ ಹೊರಗೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಸಂಜೆ ಹೊತ್ತು ಖರೀದಿಸಿ, ದಿನವಿಡೀ ನಿಂತ ಪಾದ ಆಗ ಸ್ವಲ್ಪ ಊದಿರುತ್ತದೆ. ಹಿಮ್ಮಡಿ ತಗ್ಗು ಇರಲಿ, ಮುಂಭಾಗ ಅಗಲ ಇರಲಿ, ಅಡಿ ಗಟ್ಟಿ ಇರಲಿ. ಪೂರಾ ಮಡಚುವ ತೆಳು ಅಡಿಯ ಶೂ ಮೆತ್ತಗೆ ಅನಿಸಿದರೂ ಒಳ್ಳೆಯದಲ್ಲ, ಯಾಕೆಂದರೆ ಬೆರಳೂ ಅಷ್ಟೇ ಮಡಚುತ್ತದೆ, ನರವನ್ನು ಎಳೆಯುತ್ತದೆ. ಗಲ್ಫಿನಲ್ಲಿ ಕಂಪೆನಿ ಕೊಡುವ ಸೇಫ್ಟಿ ಶೂ ಹಾಕಿ ದಿನಕ್ಕೆ 12 ಗಂಟೆ ನಿಲ್ಲುವವರು ಹೆದರದೆ ಒಂದು ಅಗಲದ ಜೋಡಿ ಕೇಳಬೇಕು. ಮುಂಭಾಗದ ಉಕ್ಕಿನ ಟೋಪಿ ಬಟ್ಟೆ ಶೂ ಹಾಗೆ ಹಿಗ್ಗುವುದಿಲ್ಲ.

ಇನ್ನು ಪ್ಯಾಡ್. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅದನ್ನು ನೋವಿರುವ ಜಾಗದ ಅಡಿಗೆ ಅಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ, ಮೂಳೆಯ ಗುಂಡುಗಳ ಹಿಂಬದಿಗೆ ಇಡಬೇಕು. ಆಗ ಗುಂಡುಗಳು ಎತ್ತಿ ಹರಡಿಕೊಂಡು ನಡುವೆ ನರಕ್ಕೆ ಜಾಗ ಆಗುತ್ತದೆ. ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೆಲೆ ಕೆಲವೇ ನೂರು ರೂಪಾಯಿ. ಎಷ್ಟೋ ಮಂದಿಗೆ ಶೂ, ಪ್ಯಾಡ್ ಇಷ್ಟರಲ್ಲೇ ತಡೆದುಕೊಳ್ಳುವಷ್ಟು ಆರಾಮ ಆಗುತ್ತದೆ.

ಆಗದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್. ಸ್ಕಾಟ್ಲೆಂಡಿನಲ್ಲಿ 131 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬರೀ ಮರಗಟ್ಟಿಸುವ ಔಷಧ ಪಡೆದವರಿಗಿಂತ ಅದರೊಟ್ಟಿಗೆ ಸ್ಟಿರಾಯ್ಡ್ ಪಡೆದವರು 3 ತಿಂಗಳಿನಲ್ಲಿ ಹೆಚ್ಚು ಆರಾಮಾಗಿದ್ದರು. ಆದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿಸಿದರೆ ಅಂಗಾಲಿನ ಕೊಬ್ಬಿನ ಮೆತ್ತೆ ಕರಗುತ್ತದೆ, ಚರ್ಮ ಬಿಳುಚಬಹುದು, ಪಕ್ಕದ ಕೀಲಿಗೂ ಹಾನಿ. ಶುಗರ್ ಇರುವವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಡಾಕ್ಟರಿಗೆ ಹೇಳಿ. ಆಲ್ಕೋಹಾಲ್ ಚುಚ್ಚಿ ನರವನ್ನು ಸುಡುವ ವಿಧಾನವೂ ಉಂಟು. ಮೊದಮೊದಲ ಫಲಿತಾಂಶ ಚೆನ್ನಾಗಿತ್ತು, 5 ವರ್ಷದ ನಂತರ ಅದೇ ರೋಗಿಗಳನ್ನು ನೋಡಿದಾಗ ಬಹಳ ಮಂದಿಗೆ ನೋವು ಮರಳಿತ್ತು. ರೇಡಿಯೋ ತರಂಗದ ಬಿಸಿಯಿಂದ, ಅಥವಾ ಅತಿ ತಂಪಿನಿಂದ ನರ ಸುಡುವ ಚಿಕಿತ್ಸೆ ಕೆಲವೆಡೆ ಮಾತ್ರ ಸಿಗುತ್ತದೆ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ

ಇಲ್ಲಿ ಹೆಚ್ಚಿನವರ ತಲೆಯಲ್ಲಿ ಒಂದು ತಪ್ಪು ಚಿತ್ರ ಇರುತ್ತದೆ. ಗಂಟು ಕೆತ್ತಿ ತೆಗೆದು ನರವನ್ನು ಹಾಗೇ ಬಿಡುತ್ತಾರೆ ಅಂತ. ಹಾಗಲ್ಲ. ಸಾಮಾನ್ಯವಾಗಿ ಮಾಡುವ ಆಪರೇಷನ್ನಿನಲ್ಲಿ ಗಂಟಿನೊಟ್ಟಿಗೆ ಆ ನರದ ತುಂಡನ್ನೇ ಕತ್ತರಿಸಿ ತೆಗೆಯುತ್ತಾರೆ. ನರ ಹೋದ ಮೇಲೆ ಅದು ತಲುಪುತ್ತಿದ್ದ ಜಾಗ, ಅಂದರೆ ಎರಡು ಬೆರಳುಗಳು ಒಂದಕ್ಕೊಂದು ಮುಖ ಮಾಡಿರುವ ಬದಿಗಳು ಮತ್ತು ಸಂದಿಯ ಸ್ವಲ್ಪ ಭಾಗ, ಶಾಶ್ವತವಾಗಿ ಮರಗಟ್ಟುತ್ತದೆ. ಇದು ಆಪರೇಷನ್ನಿನ ಸೈಡ್ ಎಫೆಕ್ಟ್ ಅಲ್ಲ, ಆಪರೇಷನ್ನೇ ಅದು. ನೋವು ಕೊಟ್ಟು ಮರಗಟ್ಟುವಿಕೆ ತೆಗೆದುಕೊಳ್ಳುವ ವ್ಯಾಪಾರ. ಹೆಚ್ಚಿನವರು ಕೆಲವು ತಿಂಗಳಲ್ಲಿ ಅದನ್ನು ಮರೆತೇಬಿಡುತ್ತಾರೆ. ಆದರೆ ಮೊದಲೇ ಹೇಳದೆ ಇದ್ದರೆ “ಆಪರೇಷನ್ ಕೆಟ್ಟಿತು” ಅಂತ ಜಗಳಕ್ಕೆ ಹೋಗುವುದು ಇದೇ ಕಾರಣಕ್ಕೆ.

ಇನ್ನೊಂದು ಹೆದರಿಕೆ, ನರ ಕತ್ತರಿಸಿದರೆ ಕಾಲು ಎಳೆದು ನಡೆಯಬೇಕಾಗ್ತದಾ ಅಂತ. ಇಲ್ಲ. ಈ ನರ ಮುಖ್ಯವಾಗಿ ಸ್ಪರ್ಶದ್ದು. ಬೆರಳು ಆಡಿಸುವ, ಪಾದ ಎತ್ತುವ ಶಕ್ತಿ ಬೇರೆ ದಾರಿಯಿಂದ ಬರುತ್ತದೆ.

ಆಪರೇಷನ್ ದೊಡ್ಡದಲ್ಲ. ಹೆಚ್ಚಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ, ಕಣಕಾಲಿನ ಸುತ್ತ ಇಂಜೆಕ್ಷನ್ ಕೊಟ್ಟು ಪಾದ ಮರಗಟ್ಟಿಸುತ್ತಾರೆ ಅಥವಾ ಬೆನ್ನಿಗೆ ಕೊಡುತ್ತಾರೆ. ರಕ್ತ ಅಡ್ಡ ಬಾರದ ಹಾಗೆ ಕಾಲಿಗೆ ಬಿಗಿ ಪಟ್ಟಿ. ಮೇಲಿನಿಂದ ಮಾಡುವ ವಿಧಾನದಲ್ಲಿ ಪಾದದ ಮೇಲ್ಭಾಗದಲ್ಲಿ ಬೆರಳ ಸಂದಿಯಿಂದ ಹಿಂದಕ್ಕೆ ಸುಮಾರು 3–4 ಸೆಂಟಿಮೀಟರ್ ಸೀಳು. ಮೂಳೆಗಳನ್ನು ಅಗಲಿಸಿ ಹಿಡಿದು, ನಡುವಿನ ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿದರೆ ಅದರ ಕೆಳಗೆ ನರ ಕಾಣುತ್ತದೆ. ಮುಂದೆ ಎರಡು ಕವಲುಗಳನ್ನೂ ಕತ್ತರಿಸಿ, ನರವನ್ನು ಮೆಲ್ಲನೆ ಎಳೆದು ಹಿಂದೆ ಸಾಧ್ಯವಾದಷ್ಟು ಮೇಲೆ ಕತ್ತರಿಸುತ್ತಾರೆ.

ಈ ‘ಸಾಧ್ಯವಾದಷ್ಟು ಮೇಲೆ’ ಅನ್ನುವುದರಲ್ಲೇ ಸರ್ಜನ್ನನ ಕೈಚಳಕ ಇರುವುದು. ಗೇರು ಮರದ ಗೆಲ್ಲು ಕಡಿದರೆ ಕಡಿದ ಜಾಗದಲ್ಲೇ ಚಿಗುರು ಒಡೆಯುತ್ತದಲ್ಲ, ಕತ್ತರಿಸಿದ ನರವೂ ಹಾಗೆ. ತುದಿಯಲ್ಲಿ ಎಳೆಗಳು ಚಿಗುರಿ ಸಿಕ್ಕುಸಿಕ್ಕಾಗಿ ಹೊಸ ಗಂಟು ಆಗುತ್ತದೆ. ಇದನ್ನು ‘ಸ್ಟಂಪ್ ನ್ಯೂರೋಮಾ’ ಅನ್ನುತ್ತಾರೆ, ನಿಜ ಅರ್ಥದಲ್ಲಿ ನರದ ಗಂಟು ಅಂದರೆ ಇದೇ. ಚಿಗುರುವುದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಕತ್ತರಿಸಿದ ತುದಿ ಹಿಂದಕ್ಕೆ ಜಾರಿ ಸ್ನಾಯುಗಳ ನಡುವೆ, ಹೆಜ್ಜೆಯ ಒತ್ತಡ ತಾಗದ ಕಡೆ ಹೋಗಿ ಕೂತರೆ ಚಿಗುರಿದರೂ ನೋಯುವುದಿಲ್ಲ. ಮುಂದೆಯೇ ಕತ್ತರಿಸಿದರೆ ತುದಿ ಮತ್ತೆ ಮೂಳೆಯ ಗುಂಡುಗಳ ಅಡಿಗೇ ಸಿಗುತ್ತದೆ, ನೋವು ಮೊದಲಿಗಿಂತ ಜೋರು. ಆಗ ಎರಡನೇ ಆಪರೇಷನ್, ಅದರ ಫಲಿತಾಂಶ ಮೊದಲನೆಯದ್ದರಷ್ಟು ಚೆನ್ನಾಗಿರುವುದಿಲ್ಲ.

ಕೆಳಗಿನಿಂದ, ಅಂದರೆ ಅಂಗಾಲಿನ ಕಡೆಯಿಂದ ಮಾಡುವ ವಿಧಾನದಲ್ಲಿ ನರ ಸಲೀಸಾಗಿ ಸಿಗುತ್ತದೆ, ಪಟ್ಟಿ ಕತ್ತರಿಸಬೇಕಾಗಿಲ್ಲ. ಆದರೆ ಗಾಯ ನಡೆಯುವ ಜಾಗದಲ್ಲಿ. ಹೊಲಿಗೆ ಹೆಚ್ಚು ದಿನ ಬಿಡಬೇಕು, ಕಲೆ ಗಟ್ಟಿಯಾದರೆ ಅದೇ ಒಂದು ನೋವು. ಸ್ವೀಡನ್ನಿನಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದಾಗ ನೋವು ಹೋಗುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೊದಲ ಸಲಕ್ಕೆ ಮೇಲಿನಿಂದ, ಎರಡನೇ ಸಲಕ್ಕೆ ಕೆಳಗಿನಿಂದ ಅನ್ನುವುದು ಹಲವು ಸರ್ಜನ್ನರ ರೂಢಿ. ಬರಿಗಾಲಲ್ಲಿ ಮಣ್ಣು, ಗದ್ದೆ, ತೋಟ ಅಂತ ಓಡಾಡುವವರು ಕಲೆಯ ವಿಷಯ ಮುಂಚೆಯೇ ಮಾತಾಡಿ.

ನರ ಕತ್ತರಿಸದೆ ಮೇಲಿನ ಪಟ್ಟಿಯನ್ನು ಮಾತ್ರ ಬಿಡಿಸಿ ನರಕ್ಕೆ ಜಾಗ ಮಾಡಿಕೊಡುವ ದಾರಿಯೂ ಇದೆ. 1979ರಲ್ಲಿ ಗೋತಿಯೆ ಎಂಬ ಸರ್ಜನ್ ಇದನ್ನು ಮುಂದಿಟ್ಟರು. ಸ್ಪರ್ಶ ಉಳಿಯುತ್ತದೆ ಅನ್ನುವುದು ಲಾಭ. ನರ ತೀರ ದಪ್ಪಗಾಗಿದ್ದರೆ ಸಾಕಾಗದು ಅನ್ನುವುದು ಎದುರು ಮಾತು. ಯಾವುದು ಮೇಲು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸರ್ಜನ್ ಎರಡರ ಬಗ್ಗೆಯೂ ಬಾಯಿಬಿಟ್ಟು ಮಾತಾಡುತ್ತಾರೋ ನೋಡಿ. ಒಂದೇ ದಾರಿ ಉಂಟು ಅನ್ನುವವರಿಗಿಂತ ‘ನಾನು ಇದನ್ನು ಯಾಕೆ ಆರಿಸಿದೆ’ ಅನ್ನುವವರು ನನಗೆ ಇಷ್ಟ.

ಒಂದೇ ಪಾದದಲ್ಲಿ ಪಕ್ಕಪಕ್ಕದ ಎರಡು ಸಂದಿಗಳಲ್ಲಿ ಒಟ್ಟಿಗೆ ಆಪರೇಷನ್ ಮಾಡಲು ಹೆಚ್ಚಿನವರು ಹಿಂಜರಿಯುತ್ತಾರೆ. ನಡುವಿನ ಬೆರಳು ಎರಡೂ ಬದಿ ಮರಗಟ್ಟುತ್ತದೆ, ಅದಕ್ಕೆ ರಕ್ತ ಹೋಗುವ ನಾಳಗಳಿಗೂ ಅಪಾಯ.

ನರ ಕತ್ತರಿಸಿದವರಲ್ಲಿ ಒಟ್ಟಾರೆ 10ರಲ್ಲಿ ಸುಮಾರು 8 ಮಂದಿಗೆ ಒಳ್ಳೆಯ ಗುಣ ಕಾಣುತ್ತದೆ. ಉಳಿದ 2 ಮಂದಿಯ ಲೆಕ್ಕವನ್ನೂ ಇಟ್ಟುಕೊಂಡೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಸೋಂಕು, ರಕ್ತ ಕಟ್ಟುವುದು, ಕಲೆಯ ನೋವು, ಸ್ಟಂಪ್ ನ್ಯೂರೋಮಾ. ಅಪರೂಪಕ್ಕೆ ಇಡೀ ಪಾದ ಊದಿ, ಬಣ್ಣ ಬದಲಾಗಿ, ಮುಟ್ಟಿದರೆ ಸಾಕು ಉರಿಯುವ ಒಂದು ದೀರ್ಘ ನೋವಿನ ಸ್ಥಿತಿಯೂ ಬರುವುದುಂಟು.

ಶುಗರ್ ಇರುವವರು

ಆಪರೇಷನ್ ಆಗಲೇಬಾರದು ಅಂತಿಲ್ಲ, ಆದರೆ ಇದು ತುರ್ತಿನದ್ದಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8ಕ್ಕಿಂತ ಕೆಳಗೆ ಬರುವವರೆಗೆ ಕಾಯಿರಿ ಅಂತ ಎಷ್ಟೋ ಸರ್ಜನ್ನರು ಹೇಳುತ್ತಾರೆ. ಪಾದದ ನಾಡಿ ಬಡಿತ ಸಿಗುತ್ತದೆಯೇ, 10 ಗ್ರಾಂ ಒತ್ತಡದ ನೈಲಾನ್ ಎಳೆ ಮುಟ್ಟಿಸಿದರೆ ಗೊತ್ತಾಗುತ್ತದೆಯೇ ಅಂತ ಪರೀಕ್ಷೆ ಆಗಬೇಕು. ಬೆರಳ ಸಂದಿ ಮರಗಟ್ಟಿದ ಮೇಲೆ ಅಲ್ಲಿ ಕಲ್ಲು ಚುಚ್ಚಿದರೂ, ಮಳೆಗಾಲದಲ್ಲಿ ಹುಳುಕು ಆದರೂ ಗೊತ್ತಾಗುವುದಿಲ್ಲ. ನನ್ನ ಉಮ್ಮನಿಗೆ ಶುಗರ್ ಉಂಟು. ರಾತ್ರಿ ಮಲಗುವ ಮುಂಚೆ ಒಂದು ಸಣ್ಣ ಕನ್ನಡಿ ನೆಲದಲ್ಲಿಟ್ಟು ಅಂಗಾಲು ನೋಡುವ ಅಭ್ಯಾಸ ಮಾಡಿಸಿದ್ದೇವೆ, ಬೆರಳ ಸಂದಿ ಸೇರಿ. ಆಪರೇಷನ್ ಆದ ಶುಗರ್ ರೋಗಿಗಳಿಗೆ ಇದು ಜೀವನಪೂರ್ತಿಯ ಕೆಲಸ. ಬೀಡಿ, ಸಿಗರೇಟು ಸೇದುವವರ ಗಾಯ ಒಣಗುವುದು ನಿಧಾನ, ಅದನ್ನೂ ಮೊದಲೇ ಬಿಡಬೇಕು.

ದಿನಗಳ ಲೆಕ್ಕ, ದುಡ್ಡಿನ ಲೆಕ್ಕ

ಎಲ್ಲ ಸರಿ ಹೋದರೆ ಅದೇ ದಿನ ಅಥವಾ ಮರುದಿನ ಮನೆಗೆ ಬಿಡುತ್ತಾರೆ. ಮೊದಲ ಕೆಲವು ದಿನ ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರ ಇಡಬೇಕು, ಇಲ್ಲವಾದರೆ ಊತ ಇಳಿಯುವುದಿಲ್ಲ. ಗಟ್ಟಿ ಅಡಿಯ ಒಂದು ವಿಶೇಷ ಚಪ್ಪಲಿ ಹಾಕಿ ಹಿಮ್ಮಡಿಯಲ್ಲಿ ಭಾರ ಕೊಟ್ಟು ಶೌಚಕ್ಕೆ ಹೋಗಿ ಬರಬಹುದು. ಮೇಲಿನ ಹೊಲಿಗೆ 10ರಿಂದ 14 ದಿನಕ್ಕೆ, ಅಂಗಾಲಿನದ್ದು 2ರಿಂದ 3 ವಾರಕ್ಕೆ ತೆಗೆಯುತ್ತಾರೆ. ಅಗಲದ ಶೂ ಹಾಕಲು 4ರಿಂದ 6 ವಾರ. ಊತ ಪೂರ್ತಿ ಇಳಿದು ‘ನನ್ನ ಕಾಲು’ ಅನಿಸಲು 3 ತಿಂಗಳು ಅಥವಾ ಹೆಚ್ಚು. ನಿಂತು ಮಾಡುವ ಕೆಲಸದವರು 6 ವಾರ ಕೈಬಿಟ್ಟಿದ್ದೇ ಲೆಕ್ಕ ಹಾಕಿ. ಒಂದು ತಿಂಗಳ ರಜೆಯಲ್ಲಿ ಬಂದು ಆಪರೇಷನ್ ಮಾಡಿಸಿ ವಿಮಾನ ಹತ್ತುವ ಯೋಜನೆ ಇದ್ದರೆ ಮತ್ತೊಮ್ಮೆ ಯೋಚಿಸಿ. ಎಡಗಾಲಿಗೆ ಆದವರು ಬೈಕ್ ವಿಷಯ ಮರೆಯಬೇಡಿ. ಗೇರ್ ಎತ್ತುವುದು, ಒತ್ತುವುದು ಸರಿಯಾಗಿ ಅದೇ ಮುಂಗಾಲಿನಲ್ಲಿ.

ನಮಾಝಿನಲ್ಲಿ ಕೂರುವಾಗ ಪಾದ ನಿಲ್ಲಿಸಿ ಬೆರಳು ಮಡಚುವ ಭಂಗಿ ಈ ನರವನ್ನು ಗರಿಷ್ಠ ಎಳೆಯುವ ಭಂಗಿ. ‘ಅಲ್ಲಿ ಕೂತಾಗ ಉರಿ’ ಅಂತ ಡಾಕ್ಟರಿಗೆ ಹೇಳಿದರೆ ರೋಗ ಹಿಡಿಯಲು ಅವರಿಗೂ ಸುಲಭ. ಆಪರೇಷನ್ ಆದ ಮೇಲೆ ಎಷ್ಟು ವಾರ ಕುರ್ಚಿ ಬಳಸಬೇಕು, ಡ್ರೆಸ್ಸಿಂಗ್ ಎಷ್ಟು ದಿನ ನೀರು ಮುಟ್ಟಬಾರದು ಅಂತ ಡಿಸ್ಚಾರ್ಜ್ ದಿನವೇ ಕೇಳಿ, ವುಝೂವಿನ ವಿಷಯ ಉಸ್ತಾದರಲ್ಲಿ ವಿಚಾರಿಸಿ.

ಇನ್ಶೂರೆನ್ಸ್ ಇದ್ದರೆ ಅಡ್ಮಿಟ್ ಆಗುವ ಮುಂಚೆ ಪಾಲಿಸಿ ಓದಿ. ಹಲವು ಪಾಲಿಸಿಗಳು 24 ಗಂಟೆ ಅಡ್ಮಿಟ್ ಆಗಿರಬೇಕು ಅನ್ನುತ್ತವೆ, ‘ಡೇ ಕೇರ್’ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಆ ಷರತ್ತಿಲ್ಲ. ಮುಂಚಿತ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಖರ್ಚು ಕೇಳುವಾಗ ಸರ್ಜನ್ ಫೀಸ್ ಒಂದೇ ಅಲ್ಲ, ಅರಿವಳಿಕೆ, ಥಿಯೇಟರ್, ಪ್ಯಾಥಾಲಜಿ, ಡ್ರೆಸ್ಸಿಂಗ್ ಚಪ್ಪಲಿ ಎಲ್ಲ ಸೇರಿಸಿ ಎಷ್ಟು ಅಂತ ಕೇಳಿ. ನಮ್ಮ ಕಡೆಯವರು ಆಪರೇಷನ್ನಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು, ಡ್ರೆಸ್ಸಿಂಗ್ ಊರಿನ ಕ್ಲಿನಿಕ್ಕಿನಲ್ಲಿ ಮಾಡಿಸುವುದು ಮಾಮೂಲಿ. ಹಾಗೆ ಮಾಡುವುದಿದ್ದರೆ ಯಾವ ಸಂದಿ, ಯಾವ ಬದಿಯಿಂದ ಸೀಳು, ಹೊಲಿಗೆ ಯಾವ ದಿನ ತೆಗೆಯಬೇಕು ಅಂತ ಬರೆದ ಕಾಗದ ಕೈಯಲ್ಲಿರಲಿ.

ಕತ್ತರಿಸಿದ ತುಂಡನ್ನು ಪ್ಯಾಥಾಲಜಿಗೆ ಕಳಿಸುತ್ತಾರೆ. ಅದರ ರಿಪೋರ್ಟನ್ನು ಕೇಳಿ ತೆಗೆದುಕೊಂಡು ಫೈಲಿನಲ್ಲಿಡಿ. ಮುಂದೆ ನೋವು ಮರಳಿದರೆ, ಆ ದಿನ ನಿಜವಾಗಿಯೂ ನರವೇ ಹೊರಬಂದಿತ್ತಾ ಅಥವಾ ಪಕ್ಕದ ರಕ್ತನಾಳ, ಕೊಬ್ಬು ಬಂದಿತ್ತಾ ಅಂತ ಎರಡನೇ ಸರ್ಜನ್ ಮೊದಲು ಕೇಳುವುದು ಆ ಕಾಗದವನ್ನು.